ಕಡೂರು ಸೀಮೆಯ ಚರ್ಚುಗಳು ಯಾರ ಕೈಕೆಳಗಿವೆ?

ನಮ್ಮ ಕಡೆ ‘ಚರ್ಚ್‌ನವರು’ ಅಂತ ಒಂದೇ ಪದ. ಕಾನ್ವೆಂಟ್ ಶಾಲೆ ನಡೆಸುವವರೂ ಚರ್ಚ್‌ನವರು, ಹಾಸನದ ಮಿಷನ್ ಆಸ್ಪತ್ರೆಯವರೂ ಚರ್ಚ್‌ನವರು, ಭಾನುವಾರ ಬಾಡಿಗೆ ಮಳಿಗೆಯಲ್ಲಿ ಮೈಕ್ ಹಾಕಿ ಪ್ರಾರ್ಥನೆ ನಡೆಸುವವರೂ ಚರ್ಚ್‌ನವರು. ಇವರೆಲ್ಲರ ಮೇಲೆ ಒಬ್ಬ ದೊಡ್ಡವರಿದ್ದಾರೆ, ರೋಮಿನಲ್ಲೋ ಬೆಂಗಳೂರಿನಲ್ಲೋ ಕೂತು ಎಲ್ಲವನ್ನೂ ಅವರೇ ನಡೆಸುತ್ತಾರೆ ಅಂತ ಬಹಳ ಜನ ತಿಳಿದಿದ್ದಾರೆ. ಸುದ್ದಿ ಬರೆಯುವವರೂ ಇದಕ್ಕೆ ಹೊರತಲ್ಲ. ಯಾರ ಹೆಸರಿನ ಹಿಂದೆಯಾದರೂ ‘ಪಾದ್ರಿ’ ಅಂತ ಹಾಕಿಬಿಟ್ಟರೆ ಕೆಲಸ ಮುಗಿಯಿತು.

ನಿಜಸ್ಥಿತಿ ಬೇರೆ. ನಮ್ಮ ಚಿಕ್ಕಮಗಳೂರು ಜಿಲ್ಲೆಯೊಳಗೇ ಕ್ರೈಸ್ತರು ಕನಿಷ್ಠ ನಾಲ್ಕು ಬೇರೆ ಬೇರೆ ಆಡಳಿತಗಳ ಕೆಳಗೆ ಬರುತ್ತಾರೆ. ಒಬ್ಬರ ಮಾತು ಇನ್ನೊಬ್ಬರ ಮೇಲೆ ನಡೆಯುವುದಿಲ್ಲ. ಯಾರದು ಯಾವುದು, ಅದು ಹೇಗೆ ಹಾಗಾಯಿತು ಅನ್ನುವುದನ್ನು ಬರೆದಿಡೋಣ ಅಂತ ಈ ಲೇಖನ. ಕ್ರೈಸ್ತರಲ್ಲದ ಓದುಗರಿಗೂ ಇದು ಬೇಕಾಗುತ್ತದೆ. ಯಾಕೆ ಅನ್ನುವುದು ಮುಂದೆ ಬರುತ್ತದೆ.

ಮೊದಲು ನಮಗೆ ಗೊತ್ತಿರುವ ಭೂಪಟದಿಂದ ಶುರು ಮಾಡೋಣ. 1947ರವರೆಗೆ ನಮ್ಮ ಜಿಲ್ಲೆಯ ಹೆಸರು ಕಡೂರು ಜಿಲ್ಲೆ. ಹೆಸರು ಕಡೂರಿನದಾದರೂ ಜಿಲ್ಲಾ ಕಚೇರಿ 1865ರಿಂದ ಚಿಕ್ಕಮಗಳೂರಿನಲ್ಲಿತ್ತು. ಬಿ.ಎಲ್. ರೈಸ್ ಅವರು ನಮ್ಮ ಊರುಗಳ ಶಾಸನಗಳನ್ನು ಸೇರಿಸಿ 1901ರಲ್ಲಿ ಅಚ್ಚು ಹಾಕಿಸಿದ ಎಪಿಗ್ರಾಫಿಯ ಕರ್ನಾಟಿಕದ ಆರನೇ ಸಂಪುಟದ ಮೇಲೂ ‘ಕಡೂರು ಜಿಲ್ಲೆ’ ಅಂತಲೇ ಇದೆ. (ರೈಸ್ ಅವರ ತಂದೆ ಬೆಂಗಳೂರಿನಲ್ಲಿ ಲಂಡನ್ ಮಿಷನ್ನಿನ ಬೋಧಕರಾಗಿದ್ದವರು. ನಮ್ಮೂರ ವೀರಗಲ್ಲು, ಮಾಸ್ತಿಕಲ್ಲುಗಳನ್ನು ಓದಿಸಿದ್ದು ಒಬ್ಬ ಮಿಷನರಿಯ ಮಗ.) ಈಚೆಗೆ ತರೀಕೆರೆಯಿಂದ ಅಜ್ಜಂಪುರ ಬೇರೆಯಾಗಿ ತಾಲ್ಲೂಕಾಯಿತು. ಹಳೆಯ ಕಡತ ತರೀಕೆರೆಯಲ್ಲಿ, ಹೊಸ ಅರ್ಜಿ ಅಜ್ಜಂಪುರದಲ್ಲಿ. ಆ ಓಡಾಟ ಎಂಥದು ಅಂತ ಅಲ್ಲಿನ ರೈತರಿಗೆ ಹೇಳಿಕೊಡಬೇಕಾಗಿಲ್ಲ. ಚರ್ಚಿನ ಭೂಪಟವೂ ಹೀಗೇ ಮಡಚಿ ಬಿಚ್ಚಿ ಮತ್ತೆ ಮಡಚಿದ್ದು. ಆ ಭೂಪಟದಲ್ಲಿ ಕಡೂರು, ತರೀಕೆರೆ, ಅಜ್ಜಂಪುರ ಯಾವತ್ತೂ ಕೇಂದ್ರವಾಗಲಿಲ್ಲ. ಯಾವಾಗಲೂ ಇನ್ನೊಂದು ಊರಿನ ಕೊನೆಯ ಅಂಚು.

ಕಥೋಲಿಕರದು ಹಳೆಯ ಕಥೆ, ಅದನ್ನೇ ಮೊದಲು ಹೇಳುತ್ತೇನೆ. 1649ರ ಹೊತ್ತಿಗೆ ಇಟಲಿಯ ಲಿಯೊನಾರ್ಡೊ ಚಿನ್ನಾಮಿ ಎಂಬ ಜೆಸುಯಿಟ್ ಪಾದ್ರಿ ಶ್ರೀರಂಗಪಟ್ಟಣಕ್ಕೆ ಬಂದರು. ಆಗ ಕಂಠೀರವ ನರಸರಾಜ ಒಡೆಯರ ಆಳ್ವಿಕೆ. ಚಿನ್ನಾಮಿ ಕನ್ನಡ ಕಲಿತು, ಕನ್ನಡಕ್ಕೆ ವ್ಯಾಕರಣ, ನಿಘಂಟು, ಧರ್ಮೋಪದೇಶದ ಪುಸ್ತಕ ಬರೆದರು. ಸನ್ಯಾಸಿಗಳ ಹಾಗೆ ಉಡುಗೆ ತೊಟ್ಟು ತಿರುಗಿದವರು ಅವರು. ಇಂದಿಗೂ ಕನ್ನಡ ಕಥೋಲಿಕರು ಪಾದ್ರಿಯನ್ನು ‘ಗುರುಗಳು’, ‘ಸ್ವಾಮಿಗಳು’ ಅನ್ನುವುದು, ಪೂಜೆಗೆ ‘ಬಲಿಪೂಜೆ’ ಅನ್ನುವುದು, ಬಿಷಪ್ಪರಿಗೆ ‘ಧರ್ಮಾಧ್ಯಕ್ಷರು’ ಅನ್ನುವುದು, ಈ ನೆಲದ ಮಾತಿನಲ್ಲೇ ಹೇಳಬೇಕು ಅನ್ನುವ ಹಳೆಯ ಪಟ್ಟಿನ ಮುಂದುವರಿಕೆ ಅಂತ ನನಗೆ ಅನ್ನಿಸುತ್ತದೆ.

ಆ ಮಿಷನ್ನಿಗೆ ಆಸರೆ ಇದ್ದದ್ದು ಪೋರ್ಚುಗಲ್ ದೊರೆಯದು, ಅಂದರೆ ಗೋವೆಯ ಕಡೆಯದು. 1773ರಲ್ಲಿ ಪೋಪ್ ಅವರೇ ಜೆಸುಯಿಟ್ ಸಂಘವನ್ನು ಮುಚ್ಚಿದರು. ಅವರ ಜಾಗಕ್ಕೆ ಪುದುಚೇರಿಯಲ್ಲಿ ನೆಲೆ ನಿಂತಿದ್ದ ಫ್ರಾನ್ಸಿನ ಪ್ಯಾರಿಸ್ ಮಿಷನ್ನಿನ ಪಾದ್ರಿಗಳು ಬಂದರು. ಮೈಸೂರು ಸೀಮೆಯ ಉಸ್ತುವಾರಿಯೂ ಅವರಿಗೇ ಬಂತು. ಯಜಮಾನಿಕೆ ಗೋವೆಯದೋ ರೋಮಿನದೋ ಅನ್ನುವ ಜಗಳ ಅದಾದ ಮೇಲೂ ನೂರು ವರ್ಷ ಎಳೆಯಿತು. ಅದರ ವಿವರ ಇಲ್ಲಿ ಬೇಡ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿಗೆ ಬಂದವರು ಅಬ್ಬೆ ದ್ಯುಬುವಾ. ಟಿಪ್ಪುವಿನ ಕಾಲದಲ್ಲಿ ಚದುರಿಹೋಗಿದ್ದ, ಬಲವಂತಕ್ಕೆ ಧರ್ಮ ಬಿಟ್ಟಿದ್ದ ಕ್ರೈಸ್ತರನ್ನು ಮತ್ತೆ ಕೂಡಿಸಿ ಹಾಸನದ ಸುತ್ತಿನ ಹಳ್ಳಿಗಳಲ್ಲಿ ಬೇಸಾಯಕ್ಕೆ ಹಚ್ಚಿದರು. ಜನ ಅವರನ್ನು ‘ದೊಡ್ಡ ಸ್ವಾಮಿಯವರು’ ಅನ್ನುತ್ತಿದ್ದರು. ಸಿಡುಬಿನ ಲಸಿಕೆ ಹಾಕಿಸಿದ್ದರಲ್ಲೂ ಅವರ ಹೆಸರಿದೆ. ಇಷ್ಟೆಲ್ಲ ಮಾಡಿ 1823ರಲ್ಲಿ ಊರಿಗೆ ಮರಳುವ ಹೊತ್ತಿಗೆ ಅವರು ಪ್ರಕಟಿಸಿದ ಪತ್ರಗಳಲ್ಲಿ, ಈ ದೇಶದಲ್ಲಿ ಜನರನ್ನು ಕ್ರೈಸ್ತರನ್ನಾಗಿ ಮಾಡುವ ಕೆಲಸ ಆಗುವಂಥದ್ದಲ್ಲ ಎಂದುಬಿಟ್ಟರು. ಮೂವತ್ತು ವರ್ಷ ಅದೇ ಕೆಲಸದಲ್ಲಿದ್ದವರು! ಉಳಿದ ಮಿಷನರಿಗಳಿಗೆ ಇದು ಎಷ್ಟು ಸಿಟ್ಟು ತರಿಸಿರಬಹುದು, ನೀವೇ ಊಹಿಸಿ.

ಹಾಸನ ಜಿಲ್ಲೆಯ ಕನ್ನಡ ಮಾತಿನ ಕಥೋಲಿಕ ಹಳ್ಳಿಗಳ ಬೇರು ಅಲ್ಲಿದೆ. ಗೊರೂರು ಅಣೆಕಟ್ಟಿನ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗಿ ಬೇಸಿಗೆಗೆ ಮೇಲೇಳುವ ಶೆಟ್ಟಿಹಳ್ಳಿಯ ಪಾಳು ಚರ್ಚನ್ನು ಮೊಬೈಲಿನಲ್ಲಿ ನೋಡಿರುತ್ತೀರಿ. ಅದನ್ನು ಕಟ್ಟಿಸಿದವರೂ ಫ್ರೆಂಚ್ ಪಾದ್ರಿಗಳೇ, 1860ರ ಸುಮಾರಿಗೆ.

ಮೈಸೂರು ಸೀಮೆಯನ್ನು ಪುದುಚೇರಿಯಿಂದ ಬಿಡಿಸಿ 1850ರಲ್ಲಿ ಬೇರೆ ಮಾಡಿದರು. 1886ರಲ್ಲಿ ಅದು ಪೂರ್ಣ ಧರ್ಮಕ್ಷೇತ್ರವಾಯಿತು. ಧರ್ಮಕ್ಷೇತ್ರ ಅಂದರೆ ಒಬ್ಬ ಬಿಷಪ್ಪರ ಆಡಳಿತಕ್ಕೆ ಸೇರಿದ ಸೀಮೆ, ಒಂದು ಜಿಲ್ಲೆ ಅಂತಿಟ್ಟುಕೊಳ್ಳಿ. ಇಲ್ಲೊಂದು ತಮಾಷೆ ಇದೆ. ಹೆಸರು ಮೈಸೂರು ಬಿಷಪ್, ವಾಸ ಮಾತ್ರ ಬೆಂಗಳೂರಿನಲ್ಲಿ. ಕಡೂರು ಜಿಲ್ಲೆಯ ಕಚೇರಿ ಚಿಕ್ಕಮಗಳೂರಿನಲ್ಲಿದ್ದ ಹಾಗೆಯೇ. 1940ರಲ್ಲಿ ಬೆಂಗಳೂರು ಬೇರೆ ಧರ್ಮಕ್ಷೇತ್ರವಾದಾಗ ಮೈಸೂರಿನ ಬಿಷಪ್ಪರಾಗಿದ್ದ ದೆಸ್ಪತ್ಯೂರ್ ಅವರೇ ಬೆಂಗಳೂರಿನ ಮೊದಲ ಬಿಷಪ್ ಆದರು. ಮೈಸೂರಿಗೆ ಹೊಸಬರು ಬಂದರು. ಆ ಪಾಲಿನಲ್ಲಿ ಚಿತ್ರದುರ್ಗ, ತುಮಕೂರು ಬೆಂಗಳೂರಿಗೆ ಹೋದವು. ಕಡೂರು, ಹಾಸನ, ಶಿವಮೊಗ್ಗ ಮೈಸೂರಿಗೆ ಉಳಿದವು. ಅಜ್ಜಂಪುರ, ಶಿವನಿ ದಾಟಿ ಹೊಸದುರ್ಗ ರೋಡ್ ಸ್ಟೇಷನ್ ಮುಟ್ಟುವಷ್ಟರಲ್ಲಿ ಬಿಷಪ್ಪರು ಬದಲಾಗುತ್ತಿದ್ದರು!

ಮುಂದಿನ ಪಾಲು ನಮ್ಮದು. 1963ರ ನವೆಂಬರ್ 16ರಂದು ಪೋಪ್ ಆರನೇ ಪೌಲರು ಮೈಸೂರಿನಿಂದ ಚಿಕ್ಕಮಗಳೂರು ಧರ್ಮಕ್ಷೇತ್ರವನ್ನು ಬೇರೆ ಮಾಡಿದರು. ಚಿಕ್ಕಮಗಳೂರು, ಹಾಸನ, ಶಿವಮೊಗ್ಗ ಮೂರೂ ಜಿಲ್ಲೆ ಅದರೊಳಗೆ. ಮೊದಲ ಬಿಷಪ್ ಅಲ್ಫೋನ್ಸಸ್ ಮಥಾಯಸ್, ಕರಾವಳಿಯವರು, ನೇಮಕವಾದಾಗ ವಯಸ್ಸು 35. ಚಿಕ್ಕಮಗಳೂರಿನ ಸಂತ ಜೋಸೆಫರ ಚರ್ಚು ಪ್ರಧಾನಾಲಯವಾಯಿತು. 1988ರ ನವೆಂಬರ್‌ನಲ್ಲಿ ಮತ್ತೊಂದು ಪಾಲು. ಚಿಕ್ಕಮಗಳೂರಿನಿಂದ ಶಿವಮೊಗ್ಗವನ್ನೂ ಬೆಂಗಳೂರಿನಿಂದ ಚಿತ್ರದುರ್ಗವನ್ನೂ ತೆಗೆದು ಶಿವಮೊಗ್ಗ ಧರ್ಮಕ್ಷೇತ್ರ ಮಾಡಿದರು. ಆವತ್ತಿನಿಂದ ನಮ್ಮ ಮೂರು ತಾಲ್ಲೂಕು ಗಡಿ ತಾಲ್ಲೂಕುಗಳು. ತರೀಕೆರೆಯ ಕಥೋಲಿಕ ಮನೆಯೊಂದು ಚಿಕ್ಕಮಗಳೂರಿನ ಬಿಷಪ್ಪರಿಗೆ ಸೇರಿದರೆ, ಭದ್ರಾವತಿಯಲ್ಲಿರುವ ಅವರ ಬೀಗರ ಮನೆ ಶಿವಮೊಗ್ಗದವರಿಗೆ. ಸರ್ಕಾರ 1997ರಲ್ಲಿ ಚನ್ನಗಿರಿಯನ್ನು ಶಿವಮೊಗ್ಗದಿಂದ ದಾವಣಗೆರೆ ಜಿಲ್ಲೆಗೆ ಹಾಕಿತು, ಚರ್ಚಿನ ಲೆಕ್ಕದಲ್ಲಿ ಅದು ಶಿವಮೊಗ್ಗದ ಕೆಳಗೇ ಇದೆ.

ಇನ್ನು ಆಡಳಿತ. ಕಥೋಲಿಕರಲ್ಲಿ ಬಿಷಪ್ಪರನ್ನು ನೇಮಿಸುವುದು ಪೋಪ್. ಊರವರ ಓಟು ಇಲ್ಲ. ನೇಮಕವಾದ ಮೇಲೆ ಆ ಸೀಮೆಯೊಳಗೆ ಅವರ ಮಾತೇ ಮಾತು. ಬೆಂಗಳೂರಿನಲ್ಲಿ ಮಹಾಧರ್ಮಾಧ್ಯಕ್ಷರಿದ್ದಾರೆ ನಿಜ, ಆದರೆ ಅವರು ಚಿಕ್ಕಮಗಳೂರಿನ ಒಬ್ಬ ಪಾದ್ರಿಯನ್ನೂ ವರ್ಗ ಮಾಡಲಾರರು. ಗೌರವದಲ್ಲಿ ಹಿರಿಯರು, ಅಷ್ಟೇ. ಬಿಷಪ್ಪರ ಕೆಳಗೆ ಧರ್ಮಕೇಂದ್ರಗಳು, ಒಂದೊಂದಕ್ಕೂ ಒಬ್ಬ ಗುರು, ಕೆಲವು ವರ್ಷಕ್ಕೊಮ್ಮೆ ವರ್ಗಾವಣೆ. ಪ್ರತಿ ಧರ್ಮಕೇಂದ್ರದಲ್ಲೂ ಹಣಕಾಸು ನೋಡಲು ಭಕ್ತರ ಸಮಿತಿ ಇರಲೇಬೇಕು ಅಂತ 1983ರ ಚರ್ಚ್ ಕಾನೂನು ಹೇಳುತ್ತದೆ. ಆದರೆ ಅದು ಸಲಹೆ ಕೊಡುವ ಸಮಿತಿ, ತೀರ್ಮಾನ ಗುರುಗಳದು. ಗ್ರಾಮ ಪಂಚಾಯಿತಿ ನೋಡಿ ಬೆಳೆದ ನಮಗೆ ಇದು ವಿಚಿತ್ರ ಅನ್ನಿಸುತ್ತದೆ, ಆದರೆ ಸಾಲು ಸಾಲು ಶತಮಾನ ನಡೆದುಕೊಂಡು ಬಂದಿರುವುದೇ ಹಾಗೆ.

ಇಲ್ಲಿ ಇನ್ನೊಂದು ಗಂಟಿದೆ. ಕನ್ಯಾಸ್ತ್ರೀಯರ ಮಠಗಳು ಬಿಷಪ್ಪರ ಸೀಮೆಯಲ್ಲಿದ್ದರೂ ಆಡಳಿತ ಅವರ ಅವರ ಸಂಘದ್ದು. ಅವರಿಗೆ ಬೇರೆ ಮೇಲಧಿಕಾರಿಣಿ, ಬೇರೆ ಸೊಸೈಟಿ, ಬೇರೆ ಲೆಕ್ಕಪತ್ರ. ಹಾಗಾಗಿ ನಿಮ್ಮ ಮಗುವಿನ ಕಾನ್ವೆಂಟ್ ಶಾಲೆಯ ಮೇಲೆ ದೂರಿದ್ದರೆ ಪಕ್ಕದ ಚರ್ಚಿನ ಫಾದರ್ ಹತ್ತಿರ ಹೋಗಿ ಕೂತು ಪ್ರಯೋಜನ ಇಲ್ಲದಿರಬಹುದು. ಶಾಲೆ ಧರ್ಮಕ್ಷೇತ್ರದ ಸೊಸೈಟಿಯದೋ ಸಿಸ್ಟರ್‌ಗಳ ಸಂಘದ್ದೋ ಅಂತ ರಸೀತಿಯ ಮೇಲಿನ ಹೆಸರು ನೋಡಿದರೆ ಗೊತ್ತಾಗುತ್ತದೆ.

ಸರಿ, ಬಿಷಪ್ಪರ ಕಥೆಯಾಯಿತು. ಜನ ಎಲ್ಲಿಂದ ಬಂದರು? ನನಗೆ ಕಾಣುವಂತೆ ನಮ್ಮ ಕಡೆಯ ಚರ್ಚು ಹೆಚ್ಚಾಗಿ ಕೆಲಸ ಹುಡುಕಿ ಬಂದವರ ಚರ್ಚು. ಬೋಧಕರು ಊರೂರು ತಿರುಗಿ ಒಲಿಸಿ ಕಟ್ಟಿದ್ದು ಅಂತ ಮಾತು ಬಂದಾಗಲೆಲ್ಲ ನಾನು ರೈಲು ಹಳಿಯನ್ನು ತೋರಿಸುತ್ತೇನೆ. ಬೆಂಗಳೂರಿನಿಂದ ಕಡೂರು, ಬೀರೂರು ಮೇಲೆ ಹರಿಹರಕ್ಕೆ 1889ರಲ್ಲಿ ರೈಲು ಬಂತು. 1899ರಲ್ಲಿ ಬೀರೂರಿನಿಂದ ತರೀಕೆರೆ ಮೇಲೆ ಶಿವಮೊಗ್ಗಕ್ಕೆ ಕವಲು ಹೋಯಿತು, ಬೀರೂರು ಜಂಕ್ಷನ್ ಆಯಿತು. ಆ ಕಾಲದ ದಕ್ಷಿಣದ ರೈಲ್ವೆಗಳಲ್ಲಿ ಡ್ರೈವರು, ಗಾರ್ಡು ಅಂದರೆ ಆಂಗ್ಲೋ ಇಂಡಿಯನ್ನರು. ಗುಮಾಸ್ತರು, ಫಿಟ್ಟರುಗಳಲ್ಲಿ ತಮಿಳು ಕ್ರೈಸ್ತರು ಸಾಕಷ್ಟಿದ್ದರು. ಮಲೆನಾಡಿನ ಕಡೆ ಕಾಫಿ ತೋಟ ಎದ್ದಿತು. ಘಟ್ಟದ ಕೆಳಗಿನಿಂದ ಕೊಂಕಣಿ ಕಥೋಲಿಕರು ರೈಟರಾಗಿ, ಮೇಸ್ತ್ರಿಯಾಗಿ ಹತ್ತಿ ಬಂದು, ಆಮೇಲೆ ಕೆಲವರು ತಾವೇ ತೋಟ ಮಾಡಿದರು. 1923ರಲ್ಲಿ ಭದ್ರಾವತಿಯಲ್ಲಿ ಕಬ್ಬಿಣದ ಕುಲುಮೆ ಹತ್ತಿತು, ಅದಕ್ಕೆ ಅದಿರು ನಮ್ಮ ಕೆಮ್ಮಣ್ಣುಗುಂಡಿಯದು. ಸ್ವಾತಂತ್ರ್ಯದ ಹೊತ್ತಿಗೆ ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟಿನ ಕೆಲಸ. ಎಲ್ಲೆಲ್ಲಿ ಕೂಲಿ ಲೈನು ಎದ್ದಿತೋ ಅಲ್ಲೆಲ್ಲ ತಗಡಿನ ಮಾಡಿನ ಒಂದು ಪ್ರಾರ್ಥನಾ ಮನೆಗೂ ಜನ ಸಿಕ್ಕರು.

ಬರಗಾಲದ ಮಾತು ಬಿಡಲಾಗುವುದಿಲ್ಲ. 1876ರಿಂದ 78ರವರೆಗಿನ ಬರ ಮೈಸೂರು ಸಂಸ್ಥಾನದ ಜನಸಂಖ್ಯೆಯಲ್ಲಿ ದೊಡ್ಡ ಭಾಗವನ್ನೇ ನುಂಗಿತು. ತಬ್ಬಲಿ ಮಕ್ಕಳನ್ನು ಮಿಷನ್ನುಗಳು ಎತ್ತಿಕೊಂಡವು. ಕಥೋಲಿಕರು ನೆಲಮಂಗಲದ ಹತ್ತಿರ ಸಿಲುವೆಪುರ, ಕನಕಪುರದ ದಿಕ್ಕಿನಲ್ಲಿ ಮರಿಯಾಪುರ ಅಂತ ಬೇಸಾಯದ ಊರುಗಳನ್ನೇ ಮಾಡಿದರು. ಪ್ರೊಟೆಸ್ಟೆಂಟರು ತುಮಕೂರು, ಹಾಸನದಲ್ಲಿ ಅನಾಥಾಲಯ ತೆರೆದರು. ಹಸಿದ ಮಗುವಿಗೆ ಗಂಜಿ ಕೊಟ್ಟು ಹೆಸರು ಬದಲಿಸಿದ್ದು ಸರಿಯೋ ತಪ್ಪೋ ಅಂತ ಇವತ್ತು ಕೇಳಬಹುದು, ಕೇಳಲೂಬೇಕು. ಜೊತೆಗೆ, ಆವತ್ತು ಬೇರೆ ಯಾರ ಬಾಗಿಲು ತೆರೆದಿತ್ತು ಅಂತಲೂ ಕೇಳಬೇಕು.

ಪ್ರೊಟೆಸ್ಟೆಂಟರಲ್ಲಿ ಈ ಸೀಮೆಗೆ ಬಂದವರು ಇಂಗ್ಲೆಂಡಿನ ವೆಸ್ಲಿಯನ್ ಮೆಥಡಿಸ್ಟರು. ಬೆಂಗಳೂರಿನಲ್ಲಿ ತಮಿಳು, ಇಂಗ್ಲಿಷಿನಲ್ಲೇ ಇದ್ದವರು 1836ರಿಂದ ಕನ್ನಡಕ್ಕೆ ಇಳಿದರು. ಥಾಮಸ್ ಹಾಡ್ಸನ್ ಅದರ ಮುಂದಾಳು. ಗುಬ್ಬಿಯಲ್ಲಿ ಠಾಣೆ ಹಾಕಿ ಅಲ್ಲಿಂದ ತುಮಕೂರು, ಹಾಸನ, ಶಿವಮೊಗ್ಗ, ಚಿಕ್ಕಮಗಳೂರು ಅಂತ ಹರಡಿದರು. ಪತ್ರಿಕೆಯ ಕೆಲಸ ಮಾಡುವ ನಮಗೆ ಇವರ ಋಣ ಇದೆ. ಬೆಂಗಳೂರಿನ ಅವರ ಅಚ್ಚುಕೂಟದಲ್ಲಿ ಕನ್ನಡದ ಮೊಳೆಗಳು ರೂಪ ಪಡೆದವು. 1887ರಲ್ಲಿ ಹೆನ್ರಿ ಹೇಗ್ ಮೈಸೂರಿನಿಂದ ‘ವೃತ್ತಾಂತ ಪತ್ರಿಕೆ’ ಅನ್ನುವ ವಾರಪತ್ರಿಕೆ ತಂದರು. ಕರಾವಳಿಯಲ್ಲಿ ಬಾಸೆಲ್ ಮಿಷನ್ನಿನ ಮೋಗ್ಲಿಂಗ್ 1843ರಲ್ಲಿ ‘ಮಂಗಳೂರು ಸಮಾಚಾರ’ ತಂದದ್ದನ್ನು ಎಲ್ಲರೂ ಹೇಳುತ್ತಾರೆ. ಹಳೇ ಮೈಸೂರಿನ ಈ ಪತ್ರಿಕೆಯನ್ನು ನೆನೆಯುವವರು ಕಡಿಮೆ.

ಮೆಥಡಿಸ್ಟರಲ್ಲಿ ಬಿಷಪ್ ಇರಲಿಲ್ಲ. ಕೆಲವು ಊರು ಸೇರಿ ಒಂದು ಸರ್ಕ್ಯೂಟ್, ಸರ್ಕ್ಯೂಟುಗಳ ಮೇಲೆ ಸಿನಡ್ ಅನ್ನುವ ಸಭೆ. 1947ರ ಸೆಪ್ಟೆಂಬರ್ 27ರಂದು, ದೇಶಕ್ಕೆ ಸ್ವಾತಂತ್ರ್ಯ ಬಂದು ಆರು ವಾರಕ್ಕೆ, ಮದ್ರಾಸಿನಲ್ಲಿ ಆಂಗ್ಲಿಕನ್ನರು, ಮೆಥಡಿಸ್ಟರು, ದಕ್ಷಿಣ ಭಾರತ ಐಕ್ಯ ಸಭೆಯವರು ಸೇರಿ ಒಂದೇ ಸಭೆಯಾದರು. ಅದೇ ಸಿಎಸ್‌ಐ, ದಕ್ಷಿಣ ಭಾರತ ಸಭೆ. ಬಿಷಪ್ಪರೇ ಇಲ್ಲದಿದ್ದವರು ಬಿಷಪ್ಪರನ್ನು ಒಪ್ಪಿಕೊಂಡರು. ಬದಲಿಗೆ ಬಿಷಪ್ಪರು ಓಟಿನಿಂದ ಬರಬೇಕು ಅಂತಾಯಿತು. ಊರಿನ ಸಭೆಯ ಕಮಿಟಿಗೆ ಚುನಾವಣೆ, ಅಲ್ಲಿಂದ ಡಯಾಸಿಸನ್ ಕೌನ್ಸಿಲ್ಲಿಗೆ ಪ್ರತಿನಿಧಿಗಳು, ಕೌನ್ಸಿಲ್ ಕೆಲವು ಹೆಸರು ಆರಿಸಿ ಚೆನ್ನೈಯ ಸಿನಡ್ಡಿಗೆ ಕಳಿಸುತ್ತದೆ, ಅಲ್ಲಿ ಒಬ್ಬರು ಆಯ್ಕೆಯಾಗುತ್ತಾರೆ. ಚುನಾವಣೆ ಅಂದ ಮೇಲೆ ಗುಂಪು, ಕೋರ್ಟು, ತಡೆಯಾಜ್ಞೆ ಎಲ್ಲ ಹಿಂದೆಯೇ ಬರುತ್ತವೆ, ಅದು ನಮಗೇನು ಹೊಸದಲ್ಲ.

ಆಗ ಸಂಸ್ಥಾನಕ್ಕೆಲ್ಲ ಮೈಸೂರು ಡಯಾಸಿಸ್ ಒಂದೇ ಇತ್ತು. 1970ರಲ್ಲಿ ಅದನ್ನು ಬೆಂಗಳೂರು, ಮಂಗಳೂರು, ಧಾರವಾಡ ಕೇಂದ್ರವಾಗಿ ಮೂರು ಮಾಡಿದರು. ಚಿಕ್ಕಮಗಳೂರು ಜಿಲ್ಲೆ ಮಂಗಳೂರಿನಲ್ಲಿ ಕಚೇರಿಯಿರುವ ದಕ್ಷಿಣ ಡಯಾಸಿಸ್ಸಿಗೆ ಬಂತು. ನೋಡಿ, ಒಂದೇ ಊರಿನ ಇಬ್ಬರು ಕ್ರೈಸ್ತರಲ್ಲಿ ಒಬ್ಬರು ಚಿಕ್ಕಮಗಳೂರಿನ ಕಡೆ ನೋಡುತ್ತಾರೆ, ಇನ್ನೊಬ್ಬರು ಘಟ್ಟ ಇಳಿದು ಮಂಗಳೂರಿನ ಕಡೆ. ಸಿಎಸ್‌ಐ ಆಸ್ತಿಯೆಲ್ಲ ಸಿಎಸ್‌ಐ ಟ್ರಸ್ಟ್ ಅಸೋಸಿಯೇಷನ್ ಅನ್ನುವ ನೋಂದಾಯಿತ ಸಂಸ್ಥೆಯ ಹೆಸರಿನಲ್ಲಿರುತ್ತದೆ. ಊರಿನ ಸಭಾಪಾಲಕರೋ ಕಮಿಟಿಯವರೋ ಜಾಗ ಮಾರುತ್ತೇವೆ ಅಂತ ಬಂದರೆ ಕೊಳ್ಳುವವರು ಎರಡು ಸಲ ಯೋಚಿಸಬೇಕು.

ಮೂರನೆಯ ಆಡಳಿತ ಮಲಯಾಳಿಗಳದು. ತಿರುವಾಂಕೂರಿನ ಕಡೆಯಿಂದ ಭೂಮಿ ಹುಡುಕಿ ಬಂದವರು ನರಸಿಂಹರಾಜಪುರ, ಕೊಪ್ಪದ ಸುತ್ತ ಕಾಡಂಚಿನಲ್ಲಿ ಕೃಷಿ ಹೂಡಿದರು. ಇವರಲ್ಲಿ ಬಹಳ ಜನ ಸಿರೋ ಮಲಬಾರ್ ಕಥೋಲಿಕರು. ಪೋಪ್ ಒಬ್ಬರೇ, ಆದರೆ ಪೂಜೆಯ ಕ್ರಮ ಬೇರೆ, ಪರಂಪರೆ ಸಂತ ತೋಮನಿಂದ ಬಂದದ್ದು ಅನ್ನುತ್ತಾರೆ, ಹಿರಿಯ ಪೀಠ ಎರ್ನಾಕುಳಂನಲ್ಲಿ. 1973ರಲ್ಲಿ ವಯನಾಡಿನ ಮಾನಂದವಾಡಿ ಇವರ ಕೇಂದ್ರವಾಯಿತು. 2007ರಲ್ಲಿ ಭದ್ರಾವತಿಯಲ್ಲೇ ಹೊಸ ಧರ್ಮಕ್ಷೇತ್ರ ಬಂತು, ಬಿಷಪ್ ಜೋಸೆಫ್ ಅರುಮಚ್ಚಾಡತ್. ಹೀಗೆ ಒಂದೇ ನೆಲದ ಮೇಲೆ ಇಬ್ಬರು ಕಥೋಲಿಕ ಬಿಷಪ್ಪರು, ತಂತಮ್ಮ ಜನಕ್ಕೆ ತಾವು. ಇವರ ಜೊತೆಗೆ ಯಾಕೋಬಾಯ ಸಿರಿಯನ್ನರೂ ಇದ್ದಾರೆ. ನರಸಿಂಹರಾಜಪುರದ ಅವರ ಚರ್ಚಿಗೆ ‘ಸಿಂಹಾಸನ ಚರ್ಚ್’ ಅನ್ನುತ್ತಾರೆ. ಇದು ಅಂತಿಯೋಕ್ಯದ ಪಿತೃಪ್ರಧಾನರ ಸಿಂಹಾಸನ, ರೋಮಿಗೂ ಅದಕ್ಕೂ ಸಂಬಂಧವಿಲ್ಲ. ಕರೆಯುವ ರೀತಿ ಕೇಳಿದರೂ ಸುಳಿವು ಸಿಗುತ್ತದೆ: ಫಾದರ್ ಅಂದರೆ ಲ್ಯಾಟಿನ್ ಕಥೋಲಿಕರು, ಪಾಸ್ಟರ್ ಅಂದರೆ ಪ್ರೊಟೆಸ್ಟೆಂಟರು, ಅಚ್ಚನ್ ಅಂದರೆ ಮಲಯಾಳಿಗಳು.

ಕೊನೆಯದಾಗಿ ಸ್ವತಂತ್ರ ಪ್ರಾರ್ಥನಾ ಮಂದಿರಗಳು. ಇವಕ್ಕೆ ಬಿಷಪ್ ಇಲ್ಲ, ಮೇಲಧಿಕಾರಿ ಇಲ್ಲ. ಟ್ರಸ್ಟ್ ಇರಬಹುದು, ಇಲ್ಲದೆಯೂ ಇರಬಹುದು. ಪಾಸ್ಟರ್ ತಾನೇ ಎಲ್ಲ.

ಈ ವ್ಯತ್ಯಾಸ ಗೊತ್ತಿಲ್ಲದೆ ಏನಾಗುತ್ತದೆ ಅನ್ನುವುದಕ್ಕೆ 2008ರ ಸೆಪ್ಟೆಂಬರ್ ನೋಡಿ. ಹಿಂದೂ ದೇವತೆಗಳನ್ನು ನಿಂದಿಸುವ ಪುಸ್ತಕ ಹಂಚಿದರು ಅನ್ನುವ ಆರೋಪ ಇದ್ದದ್ದು ನ್ಯೂ ಲೈಫ್ ಅನ್ನುವ ಸ್ವತಂತ್ರ ಸಭೆಯ ಮೇಲೆ. ದಾಳಿಗೆ ಒಳಗಾದದ್ದರಲ್ಲಿ ಮಂಗಳೂರಿನ ಮಿಲಾಗ್ರಿಸ್ ಹತ್ತಿರದ ಕಥೋಲಿಕ ಕನ್ಯಾಸ್ತ್ರೀಯರ ಆರಾಧನಾ ಮಠವೂ ಇತ್ತು. ಹೊರಗೆ ಬಾರದೆ ಪ್ರಾರ್ಥನೆಯಲ್ಲೇ ಇರುವ ಹೆಂಗಸರು ಅವರು. ನಮ್ಮ ಜಿಲ್ಲೆಯಲ್ಲೂ ಆಗ ದಾಳಿಗಳಾದವು. ತನಿಖೆಗೆ ನ್ಯಾಯಮೂರ್ತಿ ಬಿ.ಕೆ. ಸೋಮಶೇಖರ ಆಯೋಗ ಕೂತು 2011ರಲ್ಲಿ ವರದಿ ಕೊಟ್ಟಿತು. ದಾಳಿ ಯಾರ ಮೇಲಾದರೂ ತಪ್ಪೇ, ಆದರೆ ಕಲ್ಲು ಎತ್ತಿದವರಿಗೆ ಯಾರು ಯಾರು ಅನ್ನುವುದೂ ಗೊತ್ತಿರಲಿಲ್ಲ.

ಮದುವೆ ವಿಷಯದಲ್ಲೂ ವ್ಯತ್ಯಾಸ ಮುಖ್ಯ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯ ಪ್ರಕಾರ ಬಿಷಪ್ಪರಿಂದ ದೀಕ್ಷೆ ಪಡೆದ ಪಾದ್ರಿಗಳು ಲೈಸೆನ್ಸ್ ಇಲ್ಲದೆ ಮದುವೆ ಮಾಡಿಸಬಹುದು. ಸ್ವತಂತ್ರ ಸಭೆಯ ಪಾಸ್ಟರಿಗೆ ಸರ್ಕಾರದ ಲೈಸೆನ್ಸ್ ಬೇಕು. ಲೈಸೆನ್ಸ್ ಇಲ್ಲದವರು ಮಾಡಿಸಿದ ಮದುವೆಗೆ ಸರ್ಟಿಫಿಕೇಟ್ ಕೇಳಿಕೊಂಡು ಹೋದಾಗ, ಗಂಡ ತೀರಿಕೊಂಡು ಪಿಂಚಣಿ ಕೇಳಿದಾಗ, ತೊಂದರೆ ಹೆಣ್ಣುಮಗಳಿಗೇ. ಮದುವೆ ಗೊತ್ತು ಮಾಡುವ ಮುಂಚೆ ಲೈಸೆನ್ಸ್ ತೋರಿಸಿ ಅಂತ ಕೇಳುವುದರಲ್ಲಿ ನಾಚಿಕೆ ಬೇಡ.

ಭಾಷೆಯ ಬಗ್ಗೆ ಒಂದು ಮಾತು ಹೇಳದಿದ್ದರೆ ಈ ಚರಿತ್ರೆ ಅರ್ಧವಾಗುತ್ತದೆ. ಚಿಕ್ಕಮಗಳೂರು ಧರ್ಮಕ್ಷೇತ್ರ ಹುಟ್ಟಿ ಮೂರು ವಾರವೂ ಆಗಿರಲಿಲ್ಲ, 1963ರ ಡಿಸೆಂಬರ್ 4ರಂದು ರೋಮಿನ ಎರಡನೇ ವ್ಯಾಟಿಕನ್ ಮಹಾಸಭೆ ಪೂಜೆಯಲ್ಲಿ ಜನರ ಭಾಷೆಗೆ ದಾರಿ ಬಿಟ್ಟಿತು. ಅಲ್ಲಿಯವರೆಗೆ ಪೂಜೆ ಲ್ಯಾಟಿನ್ನಿನಲ್ಲಿ, ಯಾರಿಗೂ ಅರ್ಥವಾಗದ ಕಾರಣ ಜಗಳವೂ ಇರಲಿಲ್ಲ. ಜನರ ಭಾಷೆ ಅಂದಕೂಡಲೇ ಯಾವ ಜನರ ಅನ್ನುವ ಪ್ರಶ್ನೆ ಎದ್ದಿತು. ಹಾಸನದ ಹಳ್ಳಿಗಳದು ಕನ್ನಡ, ತೋಟದವರದು ಕೊಂಕಣಿ, ರೈಲ್ವೆ ಮತ್ತು ಅಣೆಕಟ್ಟಿನವರದು ತಮಿಳು. ಮಥಾಯಸ್ 1986ರಲ್ಲಿ ಬೆಂಗಳೂರಿನ ಆರ್ಚ್‌ಬಿಷಪ್ಪರಾಗಿ ಹೋದಾಗ ಅಲ್ಲಿ ಕನ್ನಡ ಕಥೋಲಿಕರ ಹೋರಾಟ ಕಾವೇರಿತ್ತು. ಹನ್ನೆರಡು ವರ್ಷ ಆ ಬಿಸಿಯಲ್ಲೇ ಕಳೆದರು. ನಮ್ಮ ಸಣ್ಣ ಊರುಗಳಲ್ಲಿ ಅಷ್ಟು ಗದ್ದಲವಿಲ್ಲದೆ ಕನ್ನಡ ನಿಂತಿತು. ಮೂರು ಭಾಷೆಯ ಹತ್ತಿಪ್ಪತ್ತು ಮನೆ ಸೇರಿದರೆ ನಡುವೆ ನಡೆಯುವ ಮಾತು ಕನ್ನಡವೇ ಅಲ್ಲವೆ?

ಈಗ ಕಾಗದದ ವಿಷಯ. ಜನನ ಮರಣ ನೋಂದಣಿ ಕಾಯ್ದೆ ಬಂದದ್ದು 1969ರಲ್ಲಿ. ಅದಕ್ಕೂ ಹಿಂದೆ ಹುಟ್ಟಿದ ಹಳ್ಳಿಯವರಲ್ಲಿ ಬರಹದಲ್ಲಿ ಹುಟ್ಟಿದ ತಾರೀಕು ಇರುವವರು ಅಪರೂಪ, ಆ ಅಪರೂಪದವರಲ್ಲಿ ಕ್ರೈಸ್ತರು ಸೇರಿದ್ದಾರೆ. ದೀಕ್ಷಾಸ್ನಾನದ ಪುಸ್ತಕದಲ್ಲಿ ಮಗುವಿನ ಹೆಸರು, ಅಪ್ಪ ಅಮ್ಮ, ಜ್ಞಾನ ತಂದೆತಾಯಿ, ಮಾಡಿಸಿದ ಗುರು, ದಿನಾಂಕ ಎಲ್ಲ ಬರೆದಿರುತ್ತದೆ. ಪಾಸ್‌ಪೋರ್ಟಿಗೆ, ಪಿತ್ರಾರ್ಜಿತ ಆಸ್ತಿಗೆ ಇದು ಕೆಲಸಕ್ಕೆ ಬಂದದ್ದಿದೆ.

ಅದೇ ಪುಸ್ತಕ ತಿರುಗಿಯೂ ಬೀಳಬಹುದು. 1950ರ ರಾಷ್ಟ್ರಪತಿ ಆದೇಶದಂತೆ ಪರಿಶಿಷ್ಟ ಜಾತಿಯ ಸವಲತ್ತು ಹಿಂದೂಗಳಿಗೆ ಮಾತ್ರ ಇತ್ತು, ಆಮೇಲೆ ಸಿಖ್ಖರಿಗೆ 1956ರಲ್ಲಿ, ಬೌದ್ಧರಿಗೆ 1990ರಲ್ಲಿ ಸಿಕ್ಕಿತು. ಕ್ರೈಸ್ತರಿಗಿಲ್ಲ. ಕರ್ನಾಟಕದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರು ಪ್ರವರ್ಗ 1ರಲ್ಲೂ ಉಳಿದ ಕ್ರೈಸ್ತರು 3ಬಿಯಲ್ಲೂ ಬರುತ್ತಾರೆ. 2024ರ ನವೆಂಬರ್‌ನಲ್ಲಿ ಪುದುಚೇರಿಯ ಮಹಿಳೆಯೊಬ್ಬರು ಪರಿಶಿಷ್ಟ ಜಾತಿ ಸರ್ಟಿಫಿಕೇಟ್ ಕೇಳಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅವರ ದೀಕ್ಷಾಸ್ನಾನವನ್ನು ಎತ್ತಿ ತೋರಿಸಿಯೇ ಅರ್ಜಿ ತಳ್ಳಿಹಾಕಿತು. 2025ರ ಸಮೀಕ್ಷೆಯಲ್ಲಿ ಜಾತಿಯ ಹೆಸರಿಗೆ ‘ಕ್ರಿಶ್ಚಿಯನ್’ ಅಂತ ಸೇರಿಸಿದ ಕಾಲಂಗಳ ಬಗ್ಗೆ ಎದ್ದ ಗದ್ದಲ ನಿಮಗೆ ನೆನಪಿರಬಹುದು. ನಾಡಕಚೇರಿಯ ಕಿಟಕಿಯ ಮುಂದೆ ನಿಂತ ಹುಡುಗನಿಗೆ ಈ ಎಲ್ಲ ಗದ್ದಲ ಬಂದು ಮುಟ್ಟುವುದು ಒಂದು ಅಂಕಿಯಾಗಿ, 1 ಅಥವಾ 3ಬಿ.

ಅಜ್ಜನ ದಾಖಲೆ ಹುಡುಕುವವರು ಬಿಷಪ್ಪರ ಕಚೇರಿಗೆ ಓಡುವ ಮುಂಚೆ ದೀಕ್ಷಾಸ್ನಾನ ಆದ ಧರ್ಮಕೇಂದ್ರದಲ್ಲೇ ಕೇಳಿ, ಮೂಲ ಪುಸ್ತಕ ಇರುವುದು ಅಲ್ಲೇ. ಆಗ ಆ ಊರಿಗೆ ಸ್ವಂತ ಪಾದ್ರಿ ಇರದಿದ್ದರೆ ಯಾವ ಊರಿನಿಂದ ಪಾದ್ರಿ ಬಂದು ಹೋಗುತ್ತಿದ್ದರು ಅಂತ ಹಿರಿಯರನ್ನು ವಿಚಾರಿಸಬೇಕು, ಹೆಸರು ಆ ಊರಿನ ಪುಸ್ತಕದಲ್ಲಿರುತ್ತದೆ. ಹಳೆಯ ಪುಸ್ತಕಗಳು ಲ್ಯಾಟಿನ್ನಿನಲ್ಲಿವೆ, ಹಾಗಾಗಿ ಮನೆಯಲ್ಲಿ ಕರೆಯುತ್ತಿದ್ದ ಹೆಸರು ಹುಡುಕಿದರೆ ಸಿಗದು. ರಾಯಪ್ಪ ಅಲ್ಲಿ ಪೇತ್ರುಸ್ ಆಗಿರುತ್ತಾನೆ, ಚಿನ್ನಪ್ಪ ಪೌಲುಸ್, ಚೌರಪ್ಪ ಕ್ಸವೇರಿಯುಸ್, ಇನ್ನಾಸಪ್ಪ ಇಗ್ನಾತಿಯುಸ್, ಅರುಳಪ್ಪ ಯೊಹಾನ್ನೆಸ್. ಅಪ್ಪ ಅಮ್ಮನ ಹೆಸರು, ಸುಮಾರು ವರ್ಷ ಬರೆದುಕೊಂಡು ಹೋಗಿ. ಸಾಲು ಸಿಕ್ಕಿದ ಮೇಲೆ ಪುಟದ ಅಂಚನ್ನೂ ನೋಡಿ. 1908ರಿಂದ ಈಚೆಗೆ ಮದುವೆ ಬೇರೆ ಊರಿನಲ್ಲಿ ಆಗಿದ್ದರೂ, ಯಾರ ಜೊತೆ, ಯಾವ ಊರಿನಲ್ಲಿ, ಯಾವತ್ತು ಅನ್ನುವುದನ್ನು ದೀಕ್ಷಾಸ್ನಾನದ ಸಾಲಿನ ಪಕ್ಕ ಬರೆದಿಡಬೇಕು ಅನ್ನುವ ನಿಯಮವಿದೆ.